ಏಳು ವರ್ಷ ಕಾದವಳ ಹಾಡು

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಹಳೆಯ ಕಥನಗೀತೆಗಳ ಬಗ್ಗೆ, ಅದರಲ್ಲೂ ಅಗಲಿದ ಪ್ರೇಮಿಗಳ ಹಾಡುಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಪುಟಗಳು ಮೀಸಲು. ನಮ್ಮ ಹಾಡುಗಳೂ ನಡುವೆ ಮಾತಿಗೆ ಬಂದಿವೆ. ಅವನ್ನು ಓದುಗರೇ ಕರೆತಂದಿದ್ದಾರೆ.

ಪ್ರಶ್ನೆ: ಮಗಳು ಎಡಿನ್‌ಬರೊದಲ್ಲಿದ್ದಾಳೆ. ಅವಳನ್ನು ನೋಡಲು ಹೋಗಿದ್ದಾಗ ಒಂದು ಸಂಜೆ ವಯಸ್ಸಾದ ಹೆಂಗಸೊಬ್ಬರು ಯಾವ ವಾದ್ಯವೂ ಇಲ್ಲದೆ ‘ಬಾರ್ಬರಾ ಆಲನ್’ ಹಾಡಿದರು. ನನಗೆ ಅರ್ಧ ಮಾತು ತಿಳಿಯಲಿಲ್ಲ. ಮಗಳು ಆಮೇಲೆ ಕಥೆ ಹೇಳಿದಳು: ಹುಡುಗ ಸಾಯುತ್ತ ಮಲಗಿದ್ದಾನೆ, ಬಾ ಎಂದು ಹೇಳಿಕಳಿಸುತ್ತಾನೆ, ಇವಳು ಅವಸರವಿಲ್ಲದೆ ಬಂದು ತಣ್ಣಗೆ ಒಂದು ಮಾತಾಡಿ ಹೊರಟುಬಿಡುತ್ತಾಳೆ. ಇಂಥ ಕಲ್ಲೆದೆಯವಳ ಹಾಡಿಗೆ ನನ್ನ ಕಣ್ಣಲ್ಲಿ ಯಾಕೆ ನೀರು ಬರಬೇಕು?
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ನಿಮ್ಮ ಕಣ್ಣೀರು ಸೇರಬೇಕಾದವಳಿಗೇ ಸೇರಿದೆ ತಾಯಿ. ಮೊದಲು ಸಾಯುವವನು ಹುಡುಗನಾದರೂ ಹಾಡು ಅವಳದು, ಹೆಸರೂ ಅವಳದೇ.

ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್ 1666ರ ಜನವರಿ 2ರ ದಿನಚರಿಯಲ್ಲಿ ಈ ಹಾಡಿನ ಮಾತೆತ್ತುತ್ತಾನೆ. ನಟಿಯೊಬ್ಬಳು ಹಾಡಿದ್ದನ್ನು ಕೇಳಿ ಎಷ್ಟು ಸುಖಪಟ್ಟೆನೆಂದು ಬರೆದಿಟ್ಟಿದ್ದಾನೆ. ಆಗಲೇ ಅದು ಜನರ ಬಾಯಲ್ಲಿತ್ತು. ಮುಂದೆ ವಲಸೆ ಹೋದವರ ಜೊತೆ ಹಡಗು ಹತ್ತಿ ಅಮೆರಿಕಕ್ಕೂ ಹೋಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ ಹೊರತಂದ ಸಂಪುಟಗಳಲ್ಲಿ 305 ಕಥನಗೀತೆಗಳಿವೆ, ಪ್ರತಿಯೊಂದಕ್ಕೂ ಸಿಕ್ಕಷ್ಟು ಪಾಠಾಂತರಗಳಿವೆ. ‘ಬಾರ್ಬರಾ ಆಲನ್’ ಅದರಲ್ಲಿ 84ನೆಯದು.

ಪಾಠಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಅವಳು ಯಾಕೆ ಅಷ್ಟು ಕಠೋರಳಾದಳು? ಕೆಲವು ಪಾಠಗಳಲ್ಲಿ ಕಾರಣವಿದೆ: ಹೆಂಡದಂಗಡಿಯಲ್ಲಿ ಅವನು ಊರ ಹುಡುಗಿಯರಿಗೆಲ್ಲ ಶುಭ ಹಾರೈಸಿ ಕುಡಿದ, ಇವಳೊಬ್ಬಳ ಹೆಸರು ಬಿಟ್ಟ. ಅನೇಕ ಪಾಠಗಳಲ್ಲಿ ಅಷ್ಟೂ ಇಲ್ಲ. ಇಬ್ಬರ ನಡುವೆ ಮೊದಲು ಏನಿತ್ತು, ಯಾರು ಯಾರಿಗೆ ಮಾತು ಕೊಟ್ಟಿದ್ದರು, ಹಾಡು ಹೇಳುವುದಿಲ್ಲ. ಅವನು ಹಾಸಿಗೆ ಹಿಡಿದಿರುವಲ್ಲಿಂದಲೇ ಕಥೆ ಶುರು. ಹಿಂದಿನದನ್ನೆಲ್ಲ ಕೇಳುವವರೇ ತುಂಬಿಕೊಳ್ಳಬೇಕು, ಮತ್ತು ತುಂಬಿಕೊಳ್ಳಲು ನಮ್ಮ ಹತ್ತಿರ ಇರುವುದು ನಮ್ಮದೇ ಸಾಮಗ್ರಿ. ನಾವು ಹೇಳದೆ ಬಿಟ್ಟ ಮಾತು, ಬಿಗುಮಾನದಲ್ಲಿ ಮುಚ್ಚಿಕೊಂಡ ಬಾಗಿಲು. ಅವಳು ಮನೆಗೆ ತಿರುಗಿ ಹೋಗುವಾಗ ಸಾವಿನ ಗಂಟೆ ಕೇಳಿಸುತ್ತದೆ, ಒಂದೊಂದು ಬಡಿತವೂ ತನ್ನನ್ನೇ ಕುರಿತು ಆಡಿದಂತಾಗುತ್ತದೆ. ಆಗಲೂ ಅವಳ ಮನಸ್ಸಿನ ವರ್ಣನೆ ಬರುವುದಿಲ್ಲ. ಮನೆಗೆ ಹೋಗಿ ತಾಯಿಯ ಹತ್ತಿರ ಹಾಸಿಗೆ ಹಾಸೆನ್ನುತ್ತಾಳೆ, ಅಷ್ಟೇ.

ನೀವು ಕೇಳಿದ ಗಾಯಕಿಯ ಮುಖದಲ್ಲಿ ಭಾವ ಕಂಡಿತೇ? ಬಹುಶಃ ಇಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಾಡು ಸಂಗ್ರಹಿಸಿದ ಸೆಸಿಲ್ ಶಾರ್ಪ್ 1907ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹಳೆಯ ಹಾಡುಗಾರರ ರೀತಿಯನ್ನು ಹೇಳಿದ್ದಾರೆ: ಕಣ್ಣು ಮುಚ್ಚಿ, ತಲೆ ಎತ್ತಿ, ಹಾಡು ಮುಗಿಯುವವರೆಗೆ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಹಾಡುತ್ತಿದ್ದರು. ಹಾಡುವವರು ಅತ್ತುಬಿಟ್ಟರೆ ಕೇಳುವವರು ಅವರನ್ನು ಸಮಾಧಾನ ಮಾಡಬೇಕಾಗುತ್ತದೆ. ಅವರು ಅಳದೆ ಇದ್ದದ್ದರಿಂದ ನೀವು ಅಳಲು ಸಾಧ್ಯವಾಯಿತು. ಈ ಹಾಡುಗಳ ಶಕ್ತಿ ನನ್ನ ಮಟ್ಟಿಗೆ ಇಲ್ಲೇ ಇದೆ. ಮುಂದಿನ ಉತ್ತರಗಳಲ್ಲೂ ಇದೇ ಮಾತು ಬೇರೆ ಬೇರೆ ದಾರಿಯಿಂದ ಬರುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ಮುದಿಯ ರಾಮೇಗೌಡ’ ಓದಿ ಎರಡು ದಿನ ಬೇರೆ ಏನೂ ಓದಲಾಗಲಿಲ್ಲ. ಅದರ ಮೂಲ ಜಾನಪದ ಗೀತೆಯೇ? ನಮ್ಮ ತರಗತಿಯಲ್ಲಿ ಕೆಲವರು ಹೌದೆನ್ನುತ್ತಾರೆ, ಕೆಲವರು ಅಲ್ಲವೆನ್ನುತ್ತಾರೆ.
— ಎಂ.ಎ. ವಿದ್ಯಾರ್ಥಿ, ಮೈಸೂರು

ಉತ್ತರ: ಜಾನಪದವಲ್ಲ. ಆದರೆ ಐವತ್ತು ವರ್ಷ ಸ್ಕಾಟ್ಲೆಂಡಿನ ಜನ ಅದನ್ನು ಹಳೆಯ ಜಾನಪದವೆಂದೇ ನಂಬಿ ಹಾಡಿದರು. ನಿಮ್ಮ ತರಗತಿಯ ಎರಡೂ ಪಕ್ಷಕ್ಕೆ ಆಧಾರವಿದೆ ಎಂದುಕೊಳ್ಳಿ.

ಮೂಲದ ಹೆಸರು ‘ಆಲ್ಡ್ ರಾಬಿನ್ ಗ್ರೇ’. ಬರೆದವಳು ಲೇಡಿ ಆ್ಯನ್ ಲಿಂಡ್ಸೆ, ಶ್ರೀಮಂತ ಮನೆತನದ ಹುಡುಗಿ. 1772ರ ಸುಮಾರಿಗೆ, ಇಪ್ಪತ್ತೊಂದರ ವಯಸ್ಸಿನಲ್ಲಿ ಬರೆದಳು. ಮನೆಗೆ ಬರುತ್ತಿದ್ದ ಹಿರಿಯಳೊಬ್ಬಳು ಒಂದು ಹಳೆಯ ಧಾಟಿಯನ್ನು ಹಾಡುತ್ತಿದ್ದಳು. ಧಾಟಿ ಮನಸ್ಸು ಹಿಡಿಯುವಂಥದು, ಮಾತುಗಳು ಪೋಲಿ. ಆ ಧಾಟಿಗೆ ಒಂದು ದುಃಖದ ಕಥೆ ಕೊಡಬೇಕೆಂದು ಆ್ಯನ್ ಕೂತಳು. ಮುದುಕನ ಹೆಸರು ಸಿಕ್ಕಿದ್ದು ಅವರ ಎಸ್ಟೇಟಿನಲ್ಲಿ ದನ ಕಾಯುತ್ತಿದ್ದವನಿಂದ.

ಕಥೆ ನೀವು ಓದಿದ್ದೀರಿ, ಇತರ ಓದುಗರಿಗಾಗಿ ಹೇಳುತ್ತೇನೆ. ಜೇಮಿ ಎಂಬ ಬಡ ಹುಡುಗ ಜೆನಿಯನ್ನು ಮದುವೆಯಾಗಲು ದುಡ್ಡು ಕೂಡಿಸಬೇಕೆಂದು ಸಮುದ್ರಕ್ಕೆ ಹೋಗುತ್ತಾನೆ. ಇತ್ತ ಅಪ್ಪನ ಕೈ ಮುರಿಯುತ್ತದೆ, ಅಮ್ಮ ಕಾಯಿಲೆ ಬೀಳುತ್ತಾಳೆ. ಮುದಿ ರಾಬಿನ್ ಗ್ರೇ ಮನೆಯವರಿಗೆ ಅನ್ನ ಹಾಕುತ್ತಾನೆ, ಮದುವೆಯಾಗೆಂದು ಕಣ್ಣೀರಿಟ್ಟು ಕೇಳುತ್ತಾನೆ. ಜೇಮಿಯ ಹಡಗು ಒಡೆಯಿತೆಂದು ಸುದ್ದಿ ಬರುತ್ತದೆ. ಅಮ್ಮ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಮಗಳ ಮುಖ ನೋಡುತ್ತಾಳೆ. ಮದುವೆಯಾಗುತ್ತದೆ. ನಾಲ್ಕು ವಾರ ಕಳೆಯುವಷ್ಟರಲ್ಲಿ ಜೇಮಿ ಬಾಗಿಲಲ್ಲಿ ನಿಂತಿರುತ್ತಾನೆ.

ಈ ಕವಿತೆ ಹುಟ್ಟಿದ ಬಗೆಯನ್ನು ಆಕೆಯೇ ಮುಂದೆ ಹೇಳಿದ್ದಾಳೆ. ಬರೆಯುತ್ತ ಕೂತಿದ್ದಾಗ ಕೋಣೆಯಲ್ಲಿ ಪುಟ್ಟ ತಂಗಿ ಇದ್ದಳು. ನನ್ನ ನಾಯಕಿಗೆ ನಾಲ್ಕು ಕಷ್ಟ ಕೊಟ್ಟಿದ್ದೇನೆ, ಇನ್ನೊಂದು ಬೇಕು, ಏನು ಕೊಡಲಿ ಎಂದು ಅಕ್ಕ ಕೇಳಿದಳು. ತಂಗಿ ತಟ್ಟನೆ, ಹಸುವನ್ನು ಕಳ್ಳರು ಹೊಡೆದುಕೊಂಡು ಹೋಗಲಿ ಅಂದಳು. ಹಸು ಹೋಯಿತು, ಕವಿತೆ ಪೂರ್ತಿಯಾಯಿತು. ಮಗುವಿಗೆ ಹೊಳೆದದ್ದು ಬಡವರ ಮನೆಯ ನಿಜ. ಪ್ರೇಮಿ ದೂರದಲ್ಲಿದ್ದಾನೆಂಬ ನೋವನ್ನು ಹೇಗೋ ತಡೆದುಕೊಳ್ಳಬಹುದು. ಹಾಲು ಕೊಡುವ ಹಸು ಹೋದ ಮೇಲೆ ಅನ್ನ ಹಾಕುವವನಿಗೆ ‘ಇಲ್ಲ’ ಎನ್ನುವ ಶಕ್ತಿ ಆ ಮನೆಯಲ್ಲಿ ಯಾರಿಗೆ ಉಳಿಯುತ್ತದೆ?

ಬರೆದವಳು ತಾನೆಂದು ಆಕೆ ಒಪ್ಪಿಕೊಂಡಿದ್ದು 1823ರಲ್ಲಿ, ವಾಲ್ಟರ್ ಸ್ಕಾಟ್‌ಗೆ ಬರೆದ ಪತ್ರದಲ್ಲಿ. ಅಷ್ಟು ಹೊತ್ತಿಗೆ ಮುದುಕಿಯಾಗಿದ್ದಳು.

ಬಿ.ಎಂ.ಶ್ರೀ. 1926ರಲ್ಲಿ ಸಂಕಲನ ತಂದಾಗ ರಾಬಿನ್ ಗ್ರೇಯನ್ನು ರಾಮೇಗೌಡನಾಗಿಸಿ ಕಥೆಯನ್ನು ನಮ್ಮ ಊರಿಗೆ ತಂದರು. ಅದು ಅಷ್ಟು ಸಲೀಸಾಗಿ ನಮ್ಮದಾಗಲು ಒಂದು ಕಾರಣವೆಂದರೆ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಮುದುಕ ಒಳ್ಳೆಯವನು, ಅಪ್ಪ ಅಮ್ಮ ನಿಸ್ಸಹಾಯಕರು, ಜೇಮಿ ಪ್ರಾಮಾಣಿಕ. ಬೈಯಲು ಒಬ್ಬ ಸಿಕ್ಕಿದ್ದರೆ ನಿಮ್ಮ ದುಃಖ ಸಿಟ್ಟಾಗಿ ಕರಗುತ್ತಿತ್ತು. ಸಿಗಲಿಲ್ಲವಾದ್ದರಿಂದ ಎರಡು ದಿನ ಎದೆಯಲ್ಲಿ ಉಳಿಯಿತು.

ಪ್ರಶ್ನೆ: ನಮ್ಮವರು ಮರ್ಚೆಂಟ್ ನೇವಿಯಲ್ಲಿದ್ದಾರೆ. ಈ ಇಂಗ್ಲಿಷ್ ಹಾಡುಗಳಲ್ಲಿ ನಾವಿಕ ಏಳು ವರ್ಷ ಬಿಟ್ಟು ಬರುತ್ತಾನೆ, ಹುಡುಗಿಗೆ ಗುರುತು ಸಿಗುವುದಿಲ್ಲ. ಇವನು ತಾನು ಯಾರೆಂದು ಹೇಳದೆ ‘ನಿನ್ನವನು ಸತ್ತ, ನನ್ನನ್ನು ಮದುವೆಯಾಗು’ ಎಂದು ಪರೀಕ್ಷೆ ಮಾಡುತ್ತಾನೆ. ಅವಳು ಒಪ್ಪದೆ ಇದ್ದಾಗ ಅರ್ಧ ಉಂಗುರ ತೆಗೆದು ತೋರಿಸುತ್ತಾನೆ. ಎಲ್ಲರೂ ಇದನ್ನು ಸುಂದರ ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಏಳು ವರ್ಷ ಕಾದವಳಿಗೆ ಮೊದಲು ಸಿಗಬೇಕಾದ್ದು ಪರೀಕ್ಷೆಯೇ?
— ಗೃಹಿಣಿ, ಮಂಗಳೂರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ‘ಕಪ್ಪು ಕಣ್ಣಿನ ನಾವಿಕ’, ‘ಜಾನ್ ರೈಲಿ’, ‘ಕ್ಲಾಡಿ ಬ್ಯಾಂಕ್ಸ್’ ಹೀಗೆ ಈ ಮಾದರಿಯ ಹಾಡುಗಳ ಸಾಲೇ ಇದೆ, ಎಲ್ಲದರಲ್ಲೂ ಇದೇ ಪರೀಕ್ಷೆ. ಆದರೂ ಈ ಹಾಡುಗಳನ್ನು ಹೆಂಗಸರೇ ಪ್ರೀತಿಯಿಂದ ಉಳಿಸಿಕೊಂಡು ಬಂದರು. ಯಾಕೆಂದು ನೋಡೋಣ.

ಮೊದಲು ಆ ಏಳು ವರ್ಷ. ಕಥೆಗಳಲ್ಲಿ ಏಳು ಮಂತ್ರಸಂಖ್ಯೆಯಂತೆ ಬರುವುದು ಸರಿ. ಆದರೆ ಅಲ್ಲಿ ಕಾನೂನಿನ ಏಳೂ ಇತ್ತು. ಇಂಗ್ಲೆಂಡಿನಲ್ಲಿ 1604ರಲ್ಲಿ ಎರಡನೆಯ ಮದುವೆಯನ್ನು ಘೋರ ಅಪರಾಧವೆಂದು ಸಾರಿದ ಕಾಯ್ದೆ, ಏಳು ವರ್ಷ ಕಾಣೆಯಾದವರ ಗಂಡ ಅಥವಾ ಹೆಂಡತಿಗೆ ಆ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿತು. ಅದೇ ಲೆಕ್ಕ ನಮ್ಮಲ್ಲಿಗೂ ಬಂದು 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಲ್ಲಿ ಕೂತಿತು: ಏಳು ವರ್ಷ ಸುದ್ದಿಯೇ ಇಲ್ಲದವರು ಬದುಕಿದ್ದಾರೆಂದು ಯಾರಾದರೂ ಹೇಳಿದರೆ, ಸಾಬೀತು ಮಾಡುವ ಹೊಣೆ ಅವರದೇ. ಹಾಡಿನ ಹುಡುಗಿಯನ್ನು ಹೊಸಬನೊಬ್ಬ ಬಂದು ಕೇಳುವಾಗ ಅವಳು ಆ ಗಡಿಯಲ್ಲಿ ನಿಂತಿದ್ದಾಳೆ. ಇಷ್ಟು ದಿನ ಕಾಯುವುದು ಕಟ್ಟುಪಾಡಾಗಿತ್ತು. ಇನ್ನು ಮೇಲೆ ಕಾದರೆ ಅದು ಅವಳ ಸ್ವಂತ ತೀರ್ಮಾನ.

ಇನ್ನು ಗಂಡಸರು ಕಾಣೆಯಾಗುತ್ತಿದ್ದ ರೀತಿ. ನೆಪೋಲಿಯನ್ ಯುದ್ಧ ಮುಗಿದ 1815ರವರೆಗೂ ಬ್ರಿಟಿಷ್ ನೌಕಾಪಡೆ ಬಂದರು ಊರುಗಳಲ್ಲಿ ಗಂಡಸರನ್ನು ಬಲವಂತವಾಗಿ ಹಿಡಿದೊಯ್ಯುತ್ತಿತ್ತು. ವರ್ಷಗಟ್ಟಲೆ ದುಡಿದು ಊರಿಗೆ ಮರಳುತ್ತಿದ್ದ ವ್ಯಾಪಾರಿ ಹಡಗನ್ನು ದಡದ ಹತ್ತಿರವೇ ತಡೆದು, ಮನೆಯ ದಾರಿ ನೋಡುತ್ತಿದ್ದ ನಾವಿಕರನ್ನು ಯುದ್ಧನೌಕೆಗೆ ಹತ್ತಿಸಿಕೊಳ್ಳುತ್ತಿದ್ದರು. ಅಲ್ಲಿಂದ ಕಾಗದ ಬರುವುದು ಕಷ್ಟ, ಬಂದರೂ ಓದಬಲ್ಲವರು ಕಡಿಮೆ. ಮೂಗಿನ ಕೆಳಗೆ ಮೀಸೆ ಚಿಗುರುವಾಗ ಹೋದ ಹುಡುಗ, ಬಿಸಿಲು, ಸಿಡಿಮದ್ದು, ಕಾಯಿಲೆಗಳಲ್ಲಿ ಬೆಂದು ಬಂದರೆ ಗುರುತು ಸಿಗದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಹೀಗಿರುವಾಗ ಆ ಹಾಡನ್ನು ಹಾಡುತ್ತಿದ್ದ ಹೆಂಗಸಿಗೆ ಪರೀಕ್ಷೆ ಮುಖ್ಯವಾಗಿರಲಿಲ್ಲವೆಂದು ನನಗೆ ತೋರುತ್ತದೆ. ಪರೀಕ್ಷೆಯ ನೆಪದಲ್ಲಿ ಅವಳಿಗೆ ಮಾತಾಡಲು ಜಾಗ ಸಿಗುತ್ತದೆ. ಗಮನಿಸಿ, ಈ ಹಾಡುಗಳಲ್ಲಿ ಗಟ್ಟಿ ಮಾತೆಲ್ಲ ಅವಳದೇ. ನಾನು ಯಾರಿಗಾಗಿ ಕಾಯುತ್ತಿದ್ದೇನೆ, ಅವನು ಹೇಗಿದ್ದ, ನೀನು ಯಾರು ನನ್ನನ್ನು ಕೇಳಲು, ಇದನ್ನೆಲ್ಲ ಒಬ್ಬ ಅಪರಿಚಿತ ಗಂಡಸಿನ ಮುಖಕ್ಕೆ ಹೇಳುತ್ತಾಳೆ. ನಿಜ ಜೀವನದಲ್ಲಿ ಕಾದವಳನ್ನು ಯಾರು ಕೇಳುತ್ತಿದ್ದರು?

ನಮ್ಮಲ್ಲಿ ಇದು ತಿರುವುಮುರುವಾಗಿದೆ. ನಳ ಕಾಡಿನಲ್ಲಿ ಬಿಟ್ಟುಹೋದ ಮೇಲೆ, ರೂಪ ಕೆಟ್ಟು ಬಾಹುಕನಾಗಿ ಬಂದಾಗ, ಪರೀಕ್ಷೆ ಮಾಡುವವಳು ದಮಯಂತಿ. ಸಖಿಯನ್ನು ಕಳಿಸುತ್ತಾಳೆ, ಅವನ ಅಡುಗೆಯ ರುಚಿ ನೋಡುತ್ತಾಳೆ, ಮಕ್ಕಳನ್ನು ಅವನ ಮುಂದೆ ನಿಲ್ಲಿಸುತ್ತಾಳೆ. ಬಿಟ್ಟುಹೋದವನೇ ಉತ್ತರ ಕೊಡಬೇಕು. ನಿಮಗೆ ಈ ನ್ಯಾಯ ಹೆಚ್ಚು ಹಿಡಿಸೀತು. ಕನಕದಾಸರ ‘ನಳಚರಿತ್ರೆ’ಯನ್ನು ಮತ್ತೆ ಒಮ್ಮೆ ಓದಿ.

ಪ್ರಶ್ನೆ: ಸತ್ತ ಪ್ರೇಮಿಗಳ ಗೋರಿಯಿಂದ ಗುಲಾಬಿ ಮತ್ತು ಮುಳ್ಳುಗಿಡ ಹುಟ್ಟಿ ಹೆಣೆದುಕೊಳ್ಳುವುದು ಎಷ್ಟೋ ಹಾಡುಗಳಲ್ಲಿ ಬರುತ್ತದೆ. ಒಂದರಿಂದ ಒಂದು ಕದ್ದದ್ದೇ?
— ಹಾವೇರಿಯ ಓದುಗರು

ಉತ್ತರ: ಕಳ್ಳತನವಲ್ಲ, ಅದು ಎಲ್ಲರ ಸೊತ್ತು. ‘ಬಾರ್ಬರಾ ಆಲನ್’, ‘ಲಾರ್ಡ್ ಲವೆಲ್’, ‘ಫೇರ್ ಮಾರ್ಗರೆಟ್’ ಮೂರರಲ್ಲೂ ಆ ನುಡಿ ಇದೆ. ಬೇಕಾದ ಹಾಡಿಗೆ ಬೇಕಾದಾಗ ಹಾಡುಗಾರರು ಜೋಡಿಸಿಕೊಳ್ಳುತ್ತಿದ್ದರು. ಗಿಡಗಳು ಚರ್ಚಿನ ಗೋಡೆ ಹತ್ತಿ, ಇನ್ನು ಮೇಲೇರಲು ಜಾಗವಿಲ್ಲದ ತುದಿಯಲ್ಲಿ ಗಂಟು ಬೀಳುತ್ತವೆ. ಬದುಕಿದ್ದಾಗ ಇಬ್ಬರನ್ನೂ ಕೂಡಿಸದ ಊರು ಇನ್ನು ಪ್ರತಿ ಭಾನುವಾರ ಅದರ ಕೆಳಗೇ ನಡೆದು ಪ್ರಾರ್ಥನೆಗೆ ಹೋಗಬೇಕು.

ಪ್ರಶ್ನೆ: ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಪದಗಳೆಲ್ಲ ತವರಿನವು. ಪ್ರೇಮಿಗಳ ಅಗಲಿಕೆ ಕಡಿಮೆ. ನಮ್ಮ ಜನಪದಕ್ಕೆ ಆ ನೋವು ಇರಲಿಲ್ಲವೇ?
— ರೈತ, ಬೈಲಹೊಂಗಲ

ಉತ್ತರ: ಇತ್ತು, ಬೇರೆ ಮನೆಯಲ್ಲಿತ್ತು. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’ ತಂದರು. ಎರಡನ್ನೂ ಒಟ್ಟಿಗೆ ಓದಿದರೆ ಹಂಚಿಕೆ ತಿಳಿಯುತ್ತದೆ. ಗಂಡು ಹೆಣ್ಣಿನ ವಿರಹ ಲಾವಣಿಯ ಪಾಲಿಗೆ ಬಂತು. ಅದನ್ನು ಗಂಡಸರು ಡಪ್ಪು ತುಂತುಣಿ ಹಿಡಿದು ನಾಲ್ಕು ಜನರ ನಡುವೆ ಹಾಡಿದರು. ಬೀಸುವ ಕಲ್ಲಿನ ಮುಂದೆ, ಬೆಳಗಿನ ಜಾವದಲ್ಲಿ, ಅತ್ತೆ ಮನೆಯಲ್ಲಿ ಕೂತ ಸೊಸೆ ಬಾಯಿ ಬಿಟ್ಟು ಹಾಡಬಹುದಾಗಿದ್ದ ಅಗಲಿಕೆ ತವರಿನದೊಂದೇ. ನಿಮ್ಮವ್ವ ತವರಿನ ಪದಕ್ಕೆ ಇನ್ನೇನೇನು ಸೇರಿಸಿ ಹಾಡಿದರೋ, ಕೇಳಿದ ನಿಮಗೇ ಗೊತ್ತಾಗಬೇಕು.

ಅಗಲಿಕೆಯ ಕಥನಗೀತೆ ಎಂದಾಗ ನಾನು ಯಾವ ನಾಡಿನ ಹಾಡಿನ ಮುಂದೆಯೂ ಸಂಕೋಚವಿಲ್ಲದೆ ಇಡುವುದು ‘ಕೆರೆಗೆ ಹಾರ’ವನ್ನು. ಇದನ್ನು ನಾವು ಬಲಿದಾನದ ಕಥೆಯೆಂದೇ ಓದುತ್ತ ಬಂದಿದ್ದೇವೆ. ಒಮ್ಮೆ ಗಂಡ ಹೆಂಡಿರ ಅಗಲಿಕೆಯ ಕಥೆಯಾಗಿ ಓದಿ ನೋಡಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಕೊಡಬೇಕೆಂದಾಯಿತು. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅವಳು ತವರಿಗೆ ಹೋಗುತ್ತಾಳೆ. ಅಪ್ಪ ಕೇಳುತ್ತಾನೆ, ಅವ್ವ ಕೇಳುತ್ತಾಳೆ, ಅಕ್ಕ ಕೇಳುತ್ತಾಳೆ. ಪ್ರತಿಯೊಬ್ಬರಿಗೂ ಅದೇ ಸುಳ್ಳು: ಅತ್ತೆ ಮಾವ ಬೇರೆ ಇಡುತ್ತಾರಂತೆ. ಪ್ರತಿಯೊಬ್ಬರೂ ತಮ್ಮ ಕೈಲಾದದ್ದನ್ನು ಕೊಡುತ್ತೇವೆ ಎನ್ನುತ್ತಾರೆ. ಗೆಳತಿಯ ಮುಂದೆ ಮಾತ್ರ ನಿಜ ಹೊರಬೀಳುತ್ತದೆ.

ಸ್ಕಾಟ್ಲೆಂಡಿನ ಹಾಡುಗಳಲ್ಲೂ ಇದೇ ಕಟ್ಟು. ಒಂದೇ ಪ್ರಶ್ನೆ, ಒಂದೇ ಉತ್ತರ, ಪ್ರತಿ ಸಲ ಒಂದು ಪದ ಬದಲು, ಕೊನೆಗೆ ಎಲ್ಲ ಒಡೆಯುವ ಉತ್ತರ. ಕೇಳುವವರಿಗೆ ಮುಂದೇನೆಂದು ಗೊತ್ತು, ತಡೆಯಲು ಕೈಲಾಗದು. ಆಮೇಲೆ ಕೆರೆಯಲ್ಲಿ ಭಾಗೀರಥಿ ಮೆಟ್ಟಿಲು ಮೆಟ್ಟಿಲಾಗಿ ಏರುವಾಗ ನೀರೂ ಅದೇ ಲೆಕ್ಕದಲ್ಲಿ ಪಾದ, ಮೊಣಕಾಲು, ನಡು, ಎದೆಗೆ ಬರುತ್ತದೆ. ಎಲ್ಲೂ ಒಂದು ಅಯ್ಯೋ ಇಲ್ಲ. ಕಡೆಗೆ ಕೆಟ್ಟ ಕನಸು ಕಂಡು ಮಾದೇವರಾಯ ಕುದುರೆಯೇರಿ ಮನೆಗೆ ಬಂದಾಗ ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ, ತವರಲ್ಲಿ ಗೆಳತಿಯ ಮನೆಗೆ ಹೋಗಿದ್ದಾಳೆ ಎನ್ನುತ್ತಾರೆ. ಅವಳು ನಿಜವನ್ನು ಹೊತ್ತು ಅಲೆದ ಮನೆಗಳನ್ನೇ ಅವನು ನಿಜವನ್ನು ಹುಡುಕುತ್ತ ಅಲೆಯುತ್ತಾನೆ, ಅದೇ ಗೆಳತಿಯ ಬಾಯಿಂದ ಕೇಳುತ್ತಾನೆ, ಅದೇ ಕೆರೆಗೆ ಹಾರುತ್ತಾನೆ. ಇಡೀ ಹಾಡಿನಲ್ಲಿ ಇಬ್ಬರೂ ಒಂದು ಗಳಿಗೆ ಎದುರುಬದುರು ನಿಲ್ಲುವುದಿಲ್ಲ. ಗಂಡಹೆಂಡಿರನ್ನು ಒಮ್ಮೆಯೂ ಸಂಧಿಸಲು ಬಿಡದೆ ಅವರ ಪ್ರೀತಿಯನ್ನು ಇಷ್ಟು ಗಟ್ಟಿಯಾಗಿ ಹೇಳಿದ ಹಾಡು ನನಗೆ ಇನ್ನೊಂದು ಸಿಕ್ಕಿಲ್ಲ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಈ ಹಾಡುಗಳ ದುಃಖ ರಾಗದಿಂದ ಬರುತ್ತದೆಯೇ? ಪಾಶ್ಚಾತ್ಯ ಸಂಗೀತದ ‘ಮೈನರ್’ ಸ್ವರಗಳು ದುಃಖಕ್ಕೆ ಎನ್ನುತ್ತಾರಲ್ಲ?
— ಶಿವಮೊಗ್ಗದ ವಿದ್ಯಾರ್ಥಿನಿ

ಉತ್ತರ: ಹಳ್ಳಿಯ ಹಾಡುಗಾರರು ಆ ನಿಯಮಕ್ಕೆ ಕಟ್ಟುಬಿದ್ದವರಲ್ಲ. ಅವರ ಧಾಟಿಗಳು ಹಳೆಯ ಸ್ವರಶ್ರೇಣಿಗಳಲ್ಲಿವೆ. ‘ಡೋರಿಯನ್’ ಎಂಬುದು ಸ್ವರದ ಲೆಕ್ಕದಲ್ಲಿ ನಿಮ್ಮ ಖರಹರಪ್ರಿಯ, ‘ಮಿಕ್ಸೊಲಿಡಿಯನ್’ ಹರಿಕಾಂಭೋಜಿ. ಸ್ಕಾಟ್ಲೆಂಡಿನಲ್ಲೂ ಅಮೆರಿಕದ ಆ್ಯಪಲೇಶಿಯನ್ ಬೆಟ್ಟಗಳಲ್ಲೂ ಐದೇ ಸ್ವರದ ಧಾಟಿಗಳು ಬೇಕಾದಷ್ಟಿವೆ, ಅವುಗಳಲ್ಲಿ ಎಷ್ಟೋ ಮೋಹನದ ಸ್ವರಗಳಲ್ಲೇ ನಡೆಯುತ್ತವೆ. ಗಮಕವಿಲ್ಲದ್ದರಿಂದ ರಾಗಭಾವ ಬೇರೆಯೇ, ಅದನ್ನು ಮರೆಯಬೇಡಿ. ‘ಬಾರ್ಬರಾ ಆಲನ್’ಗೆ ಸಂಗ್ರಹವಾದ ಧಾಟಿಗಳು ಇನ್ನೂರರ ಹತ್ತಿರ ಇವೆ. ಅವುಗಳಲ್ಲಿ ತುಂಬ ಪ್ರಸಿದ್ಧವಾದವು ಬೆಳಕಾಗಿವೆ, ಅಳುವ ಧಾಟಿಗಳಲ್ಲ. ‘ಲಾರ್ಡ್ ಲವೆಲ್’ ಧಾಟಿಯಂತೂ ಎಷ್ಟು ಲವಲವಿಕೆಯದೆಂದರೆ ಜನ ಅದಕ್ಕೆ ಅಣಕು ಹಾಡು ಕಟ್ಟಿ ನಗುತ್ತಿದ್ದರು.

ದುಃಖ ಎಲ್ಲಿಂದ ಬರುತ್ತದೆಂದರೆ, ಧಾಟಿ ಬದಲಾಗದಿರುವುದರಿಂದ. ಪ್ರೀತಿಯ ನುಡಿಗೂ ಅದೇ ಧಾಟಿ, ಬೀಳ್ಕೊಡುವ ನುಡಿಗೂ ಅದೇ, ಹೆಣ ಎತ್ತುವ ನುಡಿಗೂ ಅದೇ. ಮೂವತ್ತು ನುಡಿ ಹಾಡಿದರೂ ಮುಂದಿನದನ್ನು ಧಾಟಿ ಮೊದಲೇ ಸೂಚಿಸುವುದಿಲ್ಲ. ಹೊಲಕ್ಕೆ ಹೋದವರು ಸಂಜೆ ತಿರುಗಿ ಬರುವ ಕಾಲುದಾರಿಯಂತೆ ಅದು ಇದ್ದಲ್ಲೇ ಇರುತ್ತದೆ, ಅದರ ಮೇಲೆ ಮದುವೆಯೂ ಹೋಗುತ್ತದೆ, ಹೆಣವೂ ಹೋಗುತ್ತದೆ. ನೀವು ಹಾಡುವಾಗ ದುಃಖದ ನುಡಿಯಲ್ಲಿ ಲಯ ಎಳೆಯಬೇಡಿ, ದನಿ ನಡುಗಿಸಬೇಡಿ. ಸ್ಕಾಟ್ಲೆಂಡಿನ ಅಬರ್ಡೀನ್‌ನ ಜೀನಿ ರಾಬರ್ಟ್‌ಸನ್ ಅವರ ಧ್ವನಿಮುದ್ರಿಕೆ ಹುಡುಕಿ ಕೇಳಿ. ಅಲೆಮಾರಿ ಸಮುದಾಯದ ಆ ಮಹಾತಾಯಿಯನ್ನು 1953ರಲ್ಲಿ ಹ್ಯಾಮಿಶ್ ಹೆಂಡರ್ಸನ್ ಹೊರಜಗತ್ತಿಗೆ ಪರಿಚಯಿಸಿದರು. ಅವರು ಒಂದು ನುಡಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನು ಗಮನವಿಟ್ಟು ಕೇಳಬೇಕು.

ಪ್ರಶ್ನೆ: ಮದುವೆಗೆ ಇನ್ನು ಎರಡು ತಿಂಗಳಿದ್ದಾಗ ಅವನು ಅಪಘಾತದಲ್ಲಿ ಹೋದ. ವರ್ಷವಾಗುತ್ತ ಬಂತು. ರಾತ್ರಿ ಇಂಥ ಹಾಡುಗಳನ್ನೇ ಕೇಳುತ್ತ ಕೂರುತ್ತೇನೆ. ಅಮ್ಮ ಬೈಯುತ್ತಾಳೆ, ಗಾಯ ಕೆರೆದುಕೊಳ್ಳಬೇಡ ಅನ್ನುತ್ತಾಳೆ. ಕೇಳುವುದು ತಪ್ಪೇ?
— ಹೆಸರು ಬೇಡ, ಹಾಸನ

ಉತ್ತರ: ತಪ್ಪಲ್ಲಮ್ಮ. ನಿನ್ನ ಅಮ್ಮನ ಭಯವೂ ತಪ್ಪಲ್ಲ.

‘ದ ಅನ್‌ಕ್ವಯೆಟ್ ಗ್ರೇವ್’ ಎಂಬ ಹಾಡಿದೆ, ಚೈಲ್ಡ್ ಸಂಗ್ರಹದಲ್ಲಿ 78ನೆಯದು. ಪ್ರಿಯತಮ ಸತ್ತಿದ್ದಾನೆ, ಅವಳು ಹನ್ನೆರಡು ತಿಂಗಳು ಮತ್ತೆ ಒಂದು ದಿನ ಅವನ ಗೋರಿಯ ಬಳಿ ಕೂತು ಅಳುತ್ತಾಳೆ. ಕೆಲವು ಪಾಠಗಳಲ್ಲಿ ಸತ್ತವಳು ಹೆಣ್ಣು, ಅಳುವವನು ಗಂಡು. ಅವಧಿ ಮುಗಿದ ಮೇಲೆ ಸತ್ತವನೇ ಮಾತಾಡುತ್ತಾನೆ. ಯಾರು ನನ್ನನ್ನು ಮಲಗಗೊಡದೆ ಅಳುತ್ತಿರುವುದು ಎಂದು ಕೇಳುತ್ತಾನೆ. ಅವಳು ಒಂದು ಮುತ್ತು ಬೇಡುತ್ತಾಳೆ. ಕೊಟ್ಟರೆ ನೀನೂ ಉಳಿಯುವುದಿಲ್ಲ ಎನ್ನುತ್ತಾನೆ. ಪ್ರೀತಿ ಆರಿತೆಂದು ಅವನು ಹೇಳುವುದಿಲ್ಲ. ನೀನು ಬದುಕಿರಬೇಕು ಎನ್ನುತ್ತಾನೆ, ಅಷ್ಟೇ. ಇಬ್ಬರೂ ಅಡ್ಡಾಡುತ್ತಿದ್ದ ತೋಟದ ಮಾತು ಬರುತ್ತದೆ, ಅಲ್ಲಿಯ ಹೂವೂ ಬಾಡಿದೆ ಎನ್ನುವ ಮಾತು ಬರುತ್ತದೆ.

ಆ ಹಾಡು ಅಳುವುದಕ್ಕೆ ಇಡೀ ಒಂದು ವರ್ಷ ಕೊಡುತ್ತದೆ, ಅವಸರ ಮಾಡುವುದಿಲ್ಲ. ನಮ್ಮಲ್ಲಿ ವರ್ಷಾಂತಿಕದವರೆಗೆ ಮನೆ ಶೋಕದಲ್ಲಿರುವಂತೆಯೇ ಅದೂ ಒಂದು ಕಟ್ಟಳೆ. ಕಟ್ಟಳೆಗೆ ಒಂದು ಕೊನೆಯೂ ಇದೆ, ಆ ಕೊನೆಯನ್ನು ಹಾಡು ಸತ್ತವನ ಬಾಯಲ್ಲೇ ಹೇಳಿಸುತ್ತದೆ. ಬದುಕಿರುವವರು ಯಾರೇ ಸಾಕು ಎಂದಿದ್ದರೂ ಅವಳು ಕೇಳುತ್ತಿರಲಿಲ್ಲ.

ಹಾಡು ಕೇಳು. ಒಬ್ಬಳೇ ರಾತ್ರಿ ಕೇಳುವುದಕ್ಕಿಂತ ಹಗಲು ಯಾರಾದರೂ ಜೊತೆಗಿರುವಾಗ ಕೇಳು, ಸಾಧ್ಯವಾದರೆ ನೀನೇ ಹಾಡು. ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಅಥವಾ ಬದುಕುವುದೇ ಬೇಡ ಎನಿಸುತ್ತಿದ್ದರೆ ಹಾಡಿನ ಮೇಲೆ ಆ ಭಾರ ಹಾಕಬೇಡ. ತಡಮಾಡದೆ ಮನೋವೈದ್ಯರನ್ನು ಕಾಣು, ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗು. ಮತ್ತೆ ಪತ್ರ ಬರೆ, ಪ್ರಶ್ನೆ ಇಲ್ಲದಿದ್ದರೂ ಬರೆ.

ಪ್ರಶ್ನೆ: ಸೋದರತ್ತೆಗೆ ಎಂಬತ್ತು ದಾಟಿದೆ. ಅವರಿಗೆ ಉದ್ದುದ್ದ ಕಥೆ ಹಾಡುಗಳು ಬರುತ್ತವೆ. ಮೊಬೈಲಿನಲ್ಲಿ ಮುದ್ರಿಸಿಕೊಳ್ಳಬೇಕೆಂದಿದ್ದೇನೆ. ಏನು ಗಮನಿಸಬೇಕು?
— ಗ್ರಂಥಪಾಲಕ, ಗದಗ

ಉತ್ತರ: ಈ ವಾರವೇ ಹೋಗಿ. ವಾಲ್ಟರ್ ಸ್ಕಾಟ್ ಗಡಿನಾಡಿನ ಹಾಡುಗಳನ್ನು 1802ರಲ್ಲಿ ಅಚ್ಚು ಹಾಕಿಸಿದಾಗ, ಕೆಲವನ್ನು ಹಾಡಿಕೊಟ್ಟಿದ್ದ ಮಾರ್ಗರೆಟ್ ಲೇಡ್ಲಾ ಅವನಿಗೆ ಮುಖದ ಮೇಲೇ ಹೇಳಿದಳಂತೆ: ಇವು ಹಾಡಲು ಹುಟ್ಟಿದವು, ಓದಲು ಅಲ್ಲ, ಅಚ್ಚು ಹಾಕಿ ಕೆಡಿಸಿಬಿಟ್ಟೆ, ಇನ್ನು ಯಾರೂ ಹಾಡುವುದಿಲ್ಲ. ಕವಿ ಜೇಮ್ಸ್ ಹಾಗ್‌ನ ತಾಯಿ ಆಕೆ. ಸ್ಕಾಟ್‌ನ ಹತ್ತಿರ ಇದ್ದದ್ದು ಲೇಖನಿ, ನಿಮ್ಮ ಹತ್ತಿರ ದನಿಯನ್ನೇ ಹಿಡಿಯುವ ಯಂತ್ರವಿದೆ. ಆಕೆಯ ದೂರಿಗೆ ಅರ್ಧ ಪರಿಹಾರ ಅದರಲ್ಲಿದೆ.

ಅತ್ತೆಯನ್ನು ಕೂರಿಸಿ ಹಾಡು ಹೇಳಿ ಎಂದರೆ ಹಾಡು ಬರುವುದಿಲ್ಲ. ಅವರು ಕಾಳು ಆರಿಸುವಾಗಲೋ ಬತ್ತಿ ಹೊಸೆಯುವಾಗಲೋ ಹತ್ತಿರ ಕೂತು, ಅವರ ಒಪ್ಪಿಗೆ ಪಡೆದು, ಯಂತ್ರ ಚಾಲೂ ಮಾಡಿ ಪಕ್ಕದಲ್ಲಿಡಿ. ನಡುವೆ ಮರೆತರೆ ನೆನಪಿಸಬೇಡಿ, ಪುಸ್ತಕದ ಪಾಠ ಹೇಳಿ ತಿದ್ದಲೇಬೇಡಿ. ಹಾಡು ನಿಲ್ಲಿಸಿ ಯಾರ ಬಗ್ಗೆಯೋ ಮಾತಿಗೆ ಹೊರಳಿದರೆ ಮುದ್ರಣ ನಿಲ್ಲಿಸಬೇಡಿ. ಯಾರ ನೆನಪಿಗೆ ಹಾಡು ತಡೆದು ನಿಂತಿತೋ ಅದೂ ಆ ಹಾಡಿನ ಭಾಗ. ಅದೇ ಹಾಡನ್ನು ಬೇರೆ ದಿನ ಮತ್ತೊಮ್ಮೆ ಹಾಡಿಸಿ, ಎರಡೂ ಬೇರೆ ಬೇರೆ ಬಂದರೆ ಎರಡನ್ನೂ ಇಟ್ಟುಕೊಳ್ಳಿ. ಯಾರಿಂದ ಕಲಿತರು, ಯಾವ ಊರಲ್ಲಿ, ಯಾವ ಕೆಲಸ ಮಾಡುತ್ತ ಹಾಡುತ್ತಿದ್ದರು ಎಂಬುದನ್ನು ಅವರದೇ ದನಿಯಲ್ಲಿ ಕೇಳಿ ಸೇರಿಸಿ. ಹೊರಗಿನವರಿಗೆ ಕೇಳಿಸಬಹುದೇ ಎಂದು ಹಾಡು ಹಾಡಿಗೂ ಬೇರೆಯಾಗಿ ಕೇಳಿ, ಕೆಲವನ್ನು ಅವರು ಬೇಡ ಎನ್ನಬಹುದು.

ಕಡತದ ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ಮನೆಯ ಮಕ್ಕಳಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಹೋಗಿ ಅತ್ತೆಯ ಪಕ್ಕದಲ್ಲಿ ಕೂರಿಸಿ, ಮೊಬೈಲಿಗಿಂತ ಹತ್ತಿರ.